ಅಮ್ಮನ ಬೆನ್ನು

ನನ್ನ ಅಮ್ಮನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮನಸ್ತಾಪವೇನೂ ಇಲ್ಲ, ಡಾರ್ವಿನ್ ಕಡೆಯ ನಮ್ಮ ಮೂಲನಿವಾಸಿ ಜನರಲ್ಲಿ ಅತ್ತೆ ಅಳಿಯ ಇರಬೇಕಾದದ್ದೇ ಹಾಗೆ. ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿ ಬರಬಾರದು, ಒಂದೇ ನೆರಳಲ್ಲಿ ಕೂರಬಾರದು, ಒಂದೇ ದೋಣಿ ಹತ್ತಬಾರದು. ಮುಟ್ಟುವುದಂತೂ ದೂರದ ಮಾತು. ಅತ್ತೆ ಎದುರು ಬಂದರೆ ಅಳಿಯ ದಾರಿ ಬಿಟ್ಟು ಪೊದೆಗೆ ಇಳಿಯುತ್ತಾನೆ. ಇದು ಗೌರವ. ಈ ಗೌರವದ ಭಾರವೆಲ್ಲ ಬಿದ್ದಿರುವುದು ಮಾತ್ರ ನನ್ನ ತಲೆಯ ಮೇಲೆ. ಮದುವೆಯಾದಂದಿನಿಂದ ನಾನು ಇಬ್ಬರ ನಡುವೆ ಟಪಾಲು ಹೊರುತ್ತಿದ್ದೇನೆ. "ನಿನ್ನ ಗಂಡನಿಗೆ ಹೇಳು" ಎಂದು ಇವಳು, "ನಿಮ್ಮಮ್ಮನಿಗೆ ಹೇಳು" ಎಂದು ಅವನು. ಅಡಕತ್ತರಿಗೆ ಸಿಕ್ಕ ಅಡಿಕೆಯ ಪಾಡು ನನ್ನದು.

ನಾನು ಹತ್ತಿರ ಇಲ್ಲದಾಗ ಈ ಕೆಲಸ ಅಮ್ಮನ ನಾಯಿಯದು. ಅದರ ಹೆಸರು ಸಾರ್ಜೆಂಟ್. ಒಂದು ಕಿವಿಯನ್ನು ಕಾಡುಹಂದಿ ಹರಿದಿದೆ, ಮೈತುಂಬ ಉಣ್ಣಿ. ಅಮ್ಮ ಗೋಡೆಯ ಆಚೆ ಕೂತು, "ಸಾರ್ಜೆಂಟ್, ಅಲ್ಲಿರೋರಿಗೆ ಹೇಳು, ಚಹಾ ಆಗಿದೆ, ತಗೊಂಡು ಹೋಗ್ಲಿ" ಎನ್ನುತ್ತಾಳೆ. ನನ್ನ ಗಂಡ ಡೆಸ್ಮಂಡ್ ಗೋಡೆಯ ಈಚೆಯಿಂದ, "ಸಾರ್ಜೆಂಟ್, ಸಕ್ಕರೆ ಹಾಕಿದ್ದಾರಾ ಕೇಳು, ನಿನ್ನೆ ಕಷಾಯದ ಹಾಗಿತ್ತು" ಎನ್ನುತ್ತಾನೆ. ನಾಯಿ ಇಬ್ಬರ ಮಾತನ್ನೂ ಕೇಳಿ ಆಕಳಿಸುತ್ತದೆ. ನಮ್ಮ ಮನೆಯ ಗುಟ್ಟೆಲ್ಲ ಗೊತ್ತಿರುವುದು ಅದಕ್ಕೊಂದಕ್ಕೇ.

ಇನ್ನು ಡೆಸ್ಮಂಡನ ವಿಷಯ. ಅವನು ನಮ್ಮ ಬಯಲಿನ ರೇಂಜರ್. ತಂಡದಲ್ಲಿ ಕೋವಿಯ ಪಾಠ ಹೇಳುವವನು ಅವನೇ. ಶಾಲೆಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಕೈಯಲ್ಲಿ ಮರದ ಕೋವಿ ಹಿಡಿದು ಹೇಳುತ್ತಾನೆ: "ಕೋವಿ ಹಾವಿನ ಹಾಗೆ ಅಂತಾರೆ. ಸುಳ್ಳು. ಹಾವು ತನ್ನ ಪಾಡಿಗೆ ತಾನು ಹೋಗಿಬಿಡುತ್ತೆ. ಕೋವಿ ಹೋಗಲ್ಲ, ನೀವು ಮರೆಯೋವರೆಗೂ ಕಾಯುತ್ತೆ. ಹೊಡೆಯೋದು ಮುಗೀತಾ, ಕೋವಿನ ನಡುವೆ ಮಡಚಿ ತೋಟಾ ತೆಗೀರಿ. ನಡೆಯೋ ಮುಂಚೆ ತೆಗೀರಿ, ನೀರಿಗೆ ಇಳಿಯೋ ಮುಂಚೆ ತೆಗೀರಿ. ನಳಿಗೆಯ ಬಾಯಿ ಯಾವತ್ತೂ ನಿಮ್ಮ ಕಡೆ ನೋಡಬಾರದು." ಎಷ್ಟು ಚೆನ್ನಾಗಿ ಹೇಳುತ್ತಾನೆಂದರೆ ಕೋವಿಯನ್ನೇ ಮುಟ್ಟದ ಮುದುಕಿಯರೂ ಬಂದು ಕೂತು ಕೇಳುತ್ತಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಮಾತು ಇಂಥವರಿಗೇ ಹುಟ್ಟಿದ್ದು.

ಅವತ್ತು ಮಳೆಗಾಲಕ್ಕೆ ಮುಂಚಿನ ಕಡುಬೇಸಗೆ. ಬಯಲಿನ ನೀರೆಲ್ಲ ಇಂಗಿ ಆ ಒಂದು ಮಡುವಿನ ಸುತ್ತ ಮಾತ್ರ ಉಳಿದಿತ್ತು. ಹೆಬ್ಬಾತುಗಳೆಲ್ಲ ಅಲ್ಲಿಗೇ ಬಂದು ಸೇರಿದ್ದವು. ಮಡುವಿನ ಆಚೆ ದಡ ಬರೀ ಕೆಸರು, ಬಾತು ಇರುವುದೂ ಅಲ್ಲಿ, ಉದ್ದ ಕತ್ತಿನ ಆಮೆಗಳು ಹೂತುಕೊಂಡು ಮಲಗಿರುವುದೂ ಅಲ್ಲಿ. ಬಾತು ಗಂಡಸರದು, ಆಮೆ ಹೆಂಗಸರದು. ಅಮ್ಮ ಕಬ್ಬಿಣದ ಸರಳಿನಿಂದ ಕೆಸರನ್ನು ಚುಚ್ಚಿ ಚುಚ್ಚಿ ಹುಡುಕುತ್ತಾಳೆ. ಸರಳಿನ ತುದಿಗೆ ಟಕ್ ಎಂದರೆ ಕಲ್ಲೋ ಬೇರೋ ಆಮೆಯೋ ಅವಳ ಅಂಗೈಗೆ ಗೊತ್ತಾಗುತ್ತದೆ.

ಇರುವುದು ಒಂದೇ ತಗಡಿನ ದೋಣಿ. ಇಬ್ಬರೂ ಒಟ್ಟಿಗೆ ಹತ್ತುವಂತಿಲ್ಲವಲ್ಲ, ಮೊದಲು ಅಮ್ಮನನ್ನೂ ನಾಯಿಯನ್ನೂ ನಾನೇ ಹುಟ್ಟು ಹಾಕಿ ಆಚೆ ಬಿಟ್ಟು ಬರಬೇಕು. ಅಮ್ಮ ಹತ್ತುವಾಗ ಡೆಸ್ಮಂಡ್ ಜೀಪಿನ ಹಿಂದೆ ನಮಗೆ ಬೆನ್ನು ಮಾಡಿ ನಿಂತಿದ್ದ.

ಅಮ್ಮ ಅವನಿಗೆ ಕೇಳುವ ಹಾಗೆಯೇ ಹೇಳಿದಳು, "ಮಗಳೇ, ನಿನ್ನ ಗಂಡನಿಗೆ ಹೇಳು. ಹೋದ ವಾರ ಅವರು ತಂದ ಬಾತಿನಲ್ಲಿ ಬರೀ ಮೂಳೆ. ಕೊಬ್ಬು ಬೇಕು ಅಂದ್ರೆ ಆಮೆ ಬೇಕು, ಆಮೆ ಬೇಕು ಅಂದ್ರೆ ಹೆಂಗಸರೇ ಬೇಕು."

ಜೀಪಿನ ಹಿಂದಿನಿಂದ ಉತ್ತರ ಬಂತು. "ರೋಶೆಲ್, ನಿಮ್ಮಮ್ಮನಿಗೆ ಹೇಳು. ಇವತ್ತು ಬಾತೂ ನಂದೇ, ಆಮೆನೂ ನಂದೇ."

"ನೀನಾ?" ಎಂದೆ ನಾನು. "ಆಮೆ ನಿನ್ನ ಕಾಲು ಕಚ್ಚಿದ್ರೂ ಬೇರು ಎಡವಿದೆ ಅಂತೀಯ."

ಅಮ್ಮ ಬಾಯಿಗೆ ಸೆರಗಿಲ್ಲದ್ದರಿಂದ ಟೋಪಿ ಅಡ್ಡ ಹಿಡಿದು ನಕ್ಕಳು. ಡೆಸ್ಮಂಡನ ಬೆನ್ನೂ ನಗುತ್ತಿತ್ತು. ಆದರೆ ಮಾತು ಅವನಿಗೆ ತಾಗಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಅತ್ತೆಗೆ ಒಳ್ಳೆಯ ಮಾಂಸ ತಂದುಕೊಡದ ಅಳಿಯ ಅಳಿಯನೇ ಅಲ್ಲ ಎನ್ನುವುದು ನಮ್ಮಲ್ಲಿ ಎಲ್ಲಕ್ಕಿಂತ ಮೇಲಿನ ಮಾತು.

ಅಮ್ಮನನ್ನು ಬಿಟ್ಟು ಬಂದೆ. ಡೆಸ್ಮಂಡ್ ಕೋವಿ ಹಿಡಿದು ಒಬ್ಬನೇ ದೋಣಿಯಲ್ಲಿ ಹೋದ, ಆಚೆ ದಡದ ಕೆಸರಿಗೆ ದೋಣಿ ಎಳೆದಿಟ್ಟು ಬಾತುಗಳ ಕಡೆ ಬಗ್ಗಿ ನಡೆದ. ನಾನು ಈಚೆ ಗಟ್ಟಿ ನೆಲದಲ್ಲಿ ಬೆಂಕಿ ಹಾಕಿ, ಮಾಂಸ ಬೇಯಿಸುವ ಕಲ್ಲು ಕಾಯಿಸಲು ಕೂತೆ. ನಡುವೆ ಮಡು. ಅದರಲ್ಲಿ ನಮ್ಮ ಅಜ್ಜನ ಕಾಲದಿಂದಲೂ ಇರುವ ಒಂದು ಮೊಸಳೆ, ನಾವು ಅದನ್ನು ಮುದುಕ ಎನ್ನುತ್ತೇವೆ. ಅವತ್ತು ಬೆಳಿಗ್ಗೆ ಅದು ಎದುರು ದಡದ ತುದಿಯಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿತ್ತು.

ಎರಡು ಈಡು ಕೇಳಿತು. ಬಯಲಿಗೆ ಬಯಲೇ ಎದ್ದಿತು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಆದರೂ ಬಾತುಗಳು ಹಾಗೆ ಏಳುವಾಗ ನನ್ನ ಕೈಯ ಕೆಲಸ ನಿಲ್ಲುತ್ತದೆ. ಸಾವಿರಾರು ರೆಕ್ಕೆ, ಆಕಾಶ ಕಪ್ಪಾಗಿ ಬೆಳ್ಳಗಾಗಿ ಮತ್ತೆ ಕಪ್ಪಾಯಿತು. ಆ ಗದ್ದಲ ಎದೆಯೊಳಗೇ ಕೇಳುತ್ತದೆ. ಅದೆಲ್ಲ ತಣ್ಣಗಾಗಿ, ಬಾತುಗಳು ದೂರ ಹೋಗಿ ಇಳಿದು, ಬೆಂಕಿ ಕೆಂಡವಾದ ಮೇಲೆ ಇನ್ನೊಂದು ಈಡು ಕೇಳಿತು.

ಆ ಸದ್ದು ಬೇರೆ. ದಿಂಬಿನೊಳಗೆ ಹೊಡೆದ ಹಾಗೆ ಉಸಿರು ಕಟ್ಟಿದ ಸದ್ದು. ಅದರ ಬೆನ್ನಿಗೇ ಡೆಸ್ಮಂಡ್ ಕೂಗಿದ. ನಾನು ಎದ್ದು ನೀರಿನ ಅಂಚಿಗೆ ಓಡಿದೆ.

ಏನಾಯಿತೆಂದು ಆಮೇಲೆ ಅವನೇ ಹೇಳಿದ. ಬಾತುಗಳನ್ನು ಹೆಗಲಿಗೆ ಹಾಕಿಕೊಂಡು ದೋಣಿಯ ಕಡೆ ಬರುತ್ತಿದ್ದನಂತೆ. ತಲೆಯ ಮೇಲೆ ಇನ್ನೂ ಒಂದೆರಡು ಹಕ್ಕಿ ಸುತ್ತುತ್ತಿದ್ದವು, ಸಿಕ್ಕರೆ ಸಿಗಲಿ ಎಂದು ಎರಡೂ ನಳಿಗೆಗೆ ತೋಟಾ ತುಂಬಿಕೊಂಡಿದ್ದ. ದಾರಿಯಲ್ಲಿ ಕೆಸರಿನ ಮೇಲೆ ಒಂದು ಸಣ್ಣ ತೂತು ಕಂಡಿತು. ಕೆಳಗೆ ಆಮೆ ಉಸಿರಾಡುವ ತೂತು. ಅಮ್ಮ ಕೂಗಳತೆಯಲ್ಲೇ ಸರಳು ಹಿಡಿದು ಚುಚ್ಚುತ್ತಿದ್ದಾಳೆ, ಇವನ ಕೈಯಲ್ಲಿ ಸರಳಿಲ್ಲ. ಹೋಗಿ ಕೇಳುವಂತಿಲ್ಲ. ಹತ್ತಿರ ಒಂದು ಕೋಲೂ ಇಲ್ಲ. ಕೋವಿಯನ್ನು ತಲೆಕೆಳಗು ಮಾಡಿ, ನಳಿಗೆಯನ್ನು ಎರಡು ಕೈಯಲ್ಲಿ ಹಿಡಿದು, ಹಿಂಬದಿಯ ಮರದ ದಿಂಡು ಪೂರ್ತಿ ಮುಳುಗುವ ಹಾಗೆ ಕೆಸರು ಚುಚ್ಚಿದ. ಶಾಲೆಯ ಜಗಲಿಯಲ್ಲಿ ಊರಿಗೆಲ್ಲ ಪಾಠ ಹೇಳುವ ಮನುಷ್ಯ. ಕೆಸರೊಳಗೆ ಕೇದಿಗೆಯ ಬೇರು ಇತ್ತು, ಅದು ಟ್ರಿಗರಿಗೆ ಸಿಕ್ಕಿಕೊಂಡಿತು.

ಗುಂಡು ಅವನ ಎಡಗೈಯ ರಟ್ಟೆಯ ಒಳಬದಿಯನ್ನು ಕಿತ್ತುಕೊಂಡು ಹೋಗಿತ್ತು. ನನಗೆ ಈಚೆಯಿಂದ ಕಂಡದ್ದು ಇಷ್ಟೇ: ಅವನು ಕೂತಿದ್ದಾನೆ, ಅಂಗಿ ಕೆಂಪಾಗಿದೆ, ಆ ಕೆಂಪು ಹರಡುತ್ತಿದೆ.

"ಅಮ್ಮ, ಓಡು" ಎಂದು ಕೂಗಿದೆ. ಮಡು ಅಗಲವಿದ್ದರೂ ನೀರಿನ ಮೇಲೆ ಮಾತು ಚೆನ್ನಾಗಿ ಸಾಗುತ್ತದೆ, ಪಿಸುಗುಟ್ಟದಿದ್ದರೆ ಸಾಕು.

ಅಮ್ಮ ಓಡಲಿಲ್ಲ. ಸರಳನ್ನು ಕೆಸರಿಗೆ ನೆಟ್ಟು, ತಲೆ ತಗ್ಗಿಸಿ, ಕಣ್ಣನ್ನು ನೆಲದ ಮೇಲಿಟ್ಟುಕೊಂಡು ನಡೆದು ಬಂದಳು. ಬಂದವಳು ಅವನಿಂದ ಮಾರು ದೂರದಲ್ಲಿ ಅಡ್ಡಲಾಗಿ ನಿಂತಳು. ನೋಡುತ್ತಿದ್ದದ್ದು ಕೋವಿಯನ್ನು.

ನನಗೆ ಮೈ ಉರಿಯಿತು. "ಅವನು ಸಾಯ್ತಿದ್ದಾನೆ, ನೀನು ಕೋವಿ ನೋಡ್ತಾ ನಿಂತಿದ್ದೀಯಲ್ಲಮ್ಮ. ಕಲ್ಲಾ ನೀನು?"

ಅಮ್ಮ ನಾಯಿಗೆ ಹೇಳಿದಳು, "ಸಾರ್ಜೆಂಟ್, ಅಲ್ಲೇ ಕೂತ್ಕೋ, ಅಲ್ಲಾಡಬೇಡ. ಅಲ್ಲಿ ಬಿದ್ದಿರೋರನ್ನ ಕೇಳು, ಇನ್ನೊಂದು ನಳಿಗೆ ಖಾಲಿಯಾ?"

ಡೆಸ್ಮಂಡ್ ಹಲ್ಲು ಕಚ್ಚಿಕೊಂಡು ಹೇಳಿದ್ದು ನನಗೂ ಕೇಳಿತು. "ಸಾರ್ಜೆಂಟ್, ಇಲ್ಲ ಅಂತ ಹೇಳು. ತುಂಬಿದೆ."

ಆಗ ನನಗೆ ಅರ್ಥವಾಯಿತು. ಕೋವಿಯ ದಿಂಡು ಕೆಸರಿನಲ್ಲಿ ಹೂತು ನಿಂತಿತ್ತು, ನಳಿಗೆ ಅವನ ಕಡೆಗೇ ವಾಲಿತ್ತು, ಆ ಬೇರು ಇನ್ನೂ ಒಳಗೇ ಇತ್ತು. ನಾಯಿ ಅದರ ಸುತ್ತ ಕುಣಿಯುತ್ತಿತ್ತು. ಅದರ ಒಂದು ಕಾಲು ತಾಗಿದ್ದರೆ ಅವನು ಅಲ್ಲೇ ಹೋಗುತ್ತಿದ್ದ. ಅಮ್ಮ ಓಡಿ ಬಂದಿದ್ದರೂ ಅಷ್ಟೇ.

ಅಮ್ಮ ಸುತ್ತು ಹಾಕಿ ಕೋವಿಯ ಹಿಂದಿನಿಂದ ಬಂದಳು. ಅವಳ ಅಪ್ಪ ಕಾಡೆಮ್ಮೆ ಬೇಟೆಯಾಡುತ್ತಿದ್ದ ಕಾಲದಲ್ಲಿ ಅವನ ಕೋವಿ ಹೊತ್ತು ನಡೆದವಳು ಅವಳೇ ಎಂದು ಕೇಳಿದ್ದೆ, ನಂಬಿರಲಿಲ್ಲ. ಒಂದು ಕೈಯಿಂದ ನಳಿಗೆಯನ್ನು ಮೆಲ್ಲನೆ ಬಯಲಿನ ಕಡೆ ತಿರುಗಿಸಿ ಹಿಡಿದಳು. ಇನ್ನೊಂದು ಕೈ ಕೆಸರೊಳಗೆ ಇಳಿಸಿ ಬೇರನ್ನು ಹುಡುಕಿ ಬಿಡಿಸಿದಳು. ಕೋವಿ ಮೇಲೆತ್ತಿ ಮಡಚಿ, ತೋಟಾ ತೆಗೆದು ನೀರಿಗೆ ಎಸೆದಳು. ಸೊಪ್ಪು ಬಿಡಿಸುವಾಗಲೂ ಅವಳ ಕೈ ಅಷ್ಟೇ ನಿಧಾನ. ಆಮೇಲೆ ಕೋವಿಯನ್ನು ಮಡಚಿದ ಹಾಗೆಯೇ ದೂರ ಇಟ್ಟಳು.

ನಾನು ಜೀಪಿಗೆ ಓಡಿದೆ. ಅಲ್ಲಿ ರೇಂಜರುಗಳ ಫೋನಿತ್ತು. ಕಚೇರಿಯಲ್ಲಿದ್ದವರು ಹೆಲಿಕಾಪ್ಟರ್ ಕಳಿಸುತ್ತೇವೆ, ಆದರೆ ಕೆಸರಿನಲ್ಲಿ ಇಳಿಸಲಾಗದು, ನೀವಿರುವ ದಡಕ್ಕೆ ಅವನನ್ನು ತಂದಿಟ್ಟುಕೊಳ್ಳಿ ಎಂದರು. ದೋಣಿ ಆಚೆ ಇದೆ, ನಾನು ಈಚೆ ಇದ್ದೇನೆ ಎಂದೆ. ಅಲ್ಲಿಯ ನರ್ಸ್ ಫೋನಿಗೆ ಬಂದು, ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಯಾವ ಕಾರಣಕ್ಕೂ ಬಿಡಬಾರದು ಎಂದಳು.

ವಾಪಸು ಓಡಿ ಬಂದು ಅದನ್ನೇ ಕೂಗಿದೆ. ಅಮ್ಮ ಅದನ್ನು ನಾಯಿಗೆ ದಾಟಿಸಿದಳು. "ಸಾರ್ಜೆಂಟ್, ಅವರಿಗೆ ಹೇಳು, ಬಲಗೈ ಗಾಯದೊಳಗೇ ಇಟ್ಟು ಒತ್ತಲಿ. ನೋವಾಗುತ್ತೆ ಅಂತ ಬಿಡಬಾರದು."

"ಒತ್ತಿದ್ದೀನಿ ಅಂತ ಹೇಳು ಸಾರ್ಜೆಂಟ್."

"ಇನ್ನೂ ಜೋರಾಗಿ ಅಂತ ಹೇಳು."

ಸ್ವಲ್ಪ ಹೊತ್ತಿಗೆ ಅವನ ದನಿ ತೆಳ್ಳಗಾಯಿತು. "ಸಾರ್ಜೆಂಟ್, ಕೈ ಜಾರ್ತಾ ಇದೆ. ಬೆರಳು ಕೇಳ್ತಾ ಇಲ್ಲ." ಮತ್ತೆ, "ರೋಶೆಲ್ ಎಲ್ಲಿ ಕೇಳು." ನಾನು ಇಲ್ಲಿದ್ದೀನಿ ಎಂದು ಕೂಗಿದೆ. ಅವನು ನಿಧಾನವಾಗಿ ಪಕ್ಕಕ್ಕೆ ವಾಲಿದ.

ನೀರಿಗೆ ಇಳಿದೆ. ಮೊಣಕಾಲುದ್ದ ಹೋಗಿ ಎದುರು ದಡ ನೋಡಿದರೆ ಮೊಸಳೆ ಮಲಗಿದ್ದ ಜಾಗ ಖಾಲಿ. ಬಿಸಿಲಲ್ಲಿ ಅದರ ಹೊಟ್ಟೆಯ ಗುರುತು ಮಾತ್ರ ಹೊಳೆಯುತ್ತಿತ್ತು. ನಾನು ಸತ್ತರೆ ಅವನು ಬದುಕುವುದಿಲ್ಲ, ಅಷ್ಟು ಲೆಕ್ಕ ನನ್ನ ತಲೆಗೆ ಹೋಯಿತು. ಹಿಂದೆ ಸರಿದೆ. ಅಮ್ಮ ದೋಣಿ ತಂದು ನನ್ನನ್ನು ಕರೆದೊಯ್ಯುವಷ್ಟು ಹೊತ್ತು ಅವನಿಗೆ ಉಳಿದಿರಲಿಲ್ಲ. ಇನ್ನು ಅವನಿಗೆ ಉಳಿದದ್ದು ಅಮ್ಮನ ಎರಡು ಕೈ, ಆ ಕೈ ಅವನನ್ನು ಮುಟ್ಟುವಂತಿಲ್ಲ.

"ಮುಟ್ಟಮ್ಮ" ಎಂದೆ. ಅಳುತ್ತಿದ್ದೆ. "ಯಾರೂ ನೋಡ್ತಿಲ್ಲ. ನಾನೂ ನೋಡಲ್ಲ, ಬೇಕಾದ್ರೆ ತಿರುಗಿ ನಿಲ್ತೀನಿ."

"ಯಾರೋ ನೋಡ್ತಾರೆ ಅಂತ ಅಲ್ಲ ಮಗಳೇ ಇದು" ಎಂದಳು ಅಮ್ಮ.

ಅವಳು ಹೆಗಲ ಚೀಲದಿಂದ ಕಾಗದದಂತೆ ಸುಲಿಯುವ ಮರದ ತೊಗಟೆಯ ಸುರುಳಿ ತೆಗೆದಳು, ಆಮೆ ಸುತ್ತಲು ತಂದದ್ದು. ಒಳಗಿನ ಮೆತ್ತನೆಯ ಪದರ ಕಿತ್ತು ಉಂಡೆ ಮಾಡಿದಳು. ಟೋಪಿಯ ಕೆಳಗೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಆಮೇಲೆ ಅವನಿಗೆ ಬೆನ್ನು ಮಾಡಿ ನಿಂತಳು. ಬಿಟ್ಟು ಹೊರಟಳು ಎಂದುಕೊಂಡೆ.

ಹೊರಡಲಿಲ್ಲ. ಹಿಮ್ಮುಖವಾಗಿ ನಡೆದಳು. ಒಂದೊಂದೇ ಹೆಜ್ಜೆ, ಕೆಸರನ್ನು ಹಿಮ್ಮಡಿಯಿಂದ ತಡವಿಕೊಂಡು, ಮುಖ ಬಯಲಿನ ಕಡೆಗೆ, ಕಣ್ಣು ಆಕಾಶದ ಕಡೆಗೆ. ಅವನ ಹತ್ತಿರ ಬಂದು ಅವನಿಗೆ ಬೆನ್ನು ಹಾಕಿ ಕೂತಳು. ಎರಡು ಕೈಯನ್ನೂ ಹಿಂದಕ್ಕೆ ಚಾಚಿ ಅವನ ತೋಳನ್ನು ಹುಡುಕಿದಳು. ಬೆರಳುಗಳು ಗಾಯಕ್ಕೆ ಸಿಕ್ಕಿದವು. ತೊಗಟೆಯ ಉಂಡೆಯನ್ನು ಒಳಗೆ ತುರುಕಿ, ಬಟ್ಟೆಯನ್ನು ಸುತ್ತಿ ಸುತ್ತಿ ಗಂಟು ಹಾಕಿದಳು. ಹೆಂಗಸರು ಬೆನ್ನ ಹಿಂದೆ ಉಡುಪಿನ ಲಾಡಿ ಕಟ್ಟಿಕೊಳ್ಳುವುದನ್ನು ನೋಡಿದ್ದೀರಲ್ಲ, ಹಾಗೆಯೇ, ಒಂದು ಸಲವೂ ತಿರುಗದೆ. ಆಮೇಲೆ ಆ ಗಾಯದ ಮೇಲೆ ತನ್ನ ಬೆನ್ನಿಟ್ಟು ಇಡೀ ಮೈಭಾರ ಬಿಟ್ಟು ಒರಗಿದಳು. ನಮ್ಮಮ್ಮ ಸಣ್ಣ ಆಳಲ್ಲ.

ಬಾತುಗಳ ಹಿಂಡು ಏಳುವುದನ್ನು ಬೆರಗಿನಿಂದ ನೋಡಿದ್ದೇನೆ, ಮೊದಲ ಮಳೆಯ ಸಿಡಿಲು ಬಯಲಿಗೆ ಬೆಂಕಿ ಹಚ್ಚುವುದನ್ನು ನೋಡಿದ್ದೇನೆ. ಅಂಥ ಬೆರಗು ನನ್ನ ಅಮ್ಮನನ್ನು ನೋಡಿ ಬಂದದ್ದು ಅದೇ ಮೊದಲು. ದಿನಾ ಸಕ್ಕರೆಗೆ ಜಗಳ ಆಡುವ ಹೆಂಗಸು ಇವಳೇನಾ ಎನಿಸಿತು.

ರಕ್ತ ನಿಂತಿತೋ ಏನೋ ನನಗೆ ಕಾಣಲಿಲ್ಲ. ಅಮ್ಮನ ಅಂಗಿಯ ಬೆನ್ನು ಮಾತ್ರ ಕೆಂಪಾಗಿತ್ತು. ಸ್ವಲ್ಪ ಹೊತ್ತು ಒರಗಿದ್ದು ಎದ್ದಳು, ದೋಣಿಯ ಹಗ್ಗ ಹಿಡಿದು ಕೆಸರಿನ ಮೇಲೆ ಅವನಿದ್ದಲ್ಲಿಗೇ ಎಳೆದು ತಂದಳು. ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸಿ, ಅವನನ್ನು ಬೆನ್ನಿನಿಂದಲೂ ಸೊಂಟದಿಂದಲೂ ತಳ್ಳಿ ತಳ್ಳಿ ಒಳಗೆ ಹೊರಳಿಸಿದಳು. ಅವನು ನರಳಿದ. ನರಳುವುದು ಕೇಳಿ ನನಗೆ ಹೋದ ಜೀವ ಬಂತು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಎತ್ತಿನ ಹಾಗೆ ಮುಂದಕ್ಕೆ ಬಾಗಿ, ನೀರಿನವರೆಗೆ ಎಳೆದಳು. ಎರಡು ಸಲ ಮೊಣಕಾಲೂರಿದಳು. ನಾಯಿ ಹಾರಿ ದೋಣಿಯೊಳಗೆ ಕೂತಿತು, ಸಹಾಯ ಮಾಡುವ ಯೋಚನೆ ಅದಕ್ಕೆ ಬರಲಿಲ್ಲ.

ನೀರಿನ ಅಂಚಿನಲ್ಲಿ ಅಮ್ಮ ನಿಂತಳು. ದೋಣಿಯ ಒಳಗೆ ಅಳಿಯ. ದೋಣಿ ತಳ್ಳಿಕೊಂಡು ನೀರಿನಲ್ಲಿ ನಡೆಯುತ್ತಾಳೆ ಎಂದು ನನಗೆ ಗೊತ್ತಾಗಿಹೋಯಿತು. ಆಗಲೇ ಒಂದು ಕಾಲು ನೀರೊಳಗೆ ಇಟ್ಟಿದ್ದಳು.

"ಅಮ್ಮ, ಮುದುಕ ದಡದಲ್ಲಿಲ್ಲ" ಎಂದೆ. "ನೀರಿಗಿಳಿದಿದ್ದಾನೆ."

ಅವಳು ಖಾಲಿ ಜಾಗದ ಕಡೆ ನೋಡಿದಳು. ಬಾಯಲ್ಲಿ ಏನೋ ಗೊಣಗಿದಳು, ಅವಳ ಸತ್ತ ಹಿರಿಯರಿಗೆ ಹೇಳಿಕೊಂಡದ್ದು ಇರಬೇಕು. ಆಮೇಲೆ ದೋಣಿ ಹತ್ತಿದಳು. ಮುಂದೆ ನನ್ನ ಕಡೆ ಮುಖ ಮಾಡಿ ಕೂತು, ಹಿಂದಕ್ಕೆ ಸರಿದು, ಅವನನ್ನು ಮತ್ತೆ ತನ್ನ ಬೆನ್ನಿಗೆ ಎಳೆದುಕೊಂಡಳು. ಅವನ ತಲೆ ಅವಳ ಹೆಗಲ ಮೇಲೆ ಬಿತ್ತು. ಅವಳು ಅದನ್ನು ಸರಿಸಲಿಲ್ಲ. ಹುಟ್ಟು ಹಾಕತೊಡಗಿದಳು.

ನನ್ನ ಅಮ್ಮನೂ ನನ್ನ ಗಂಡನೂ ಒಂದೇ ದೋಣಿಯಲ್ಲಿ ನನ್ನ ಕಡೆಗೆ ಬರುತ್ತಿದ್ದರು. ಇಬ್ಬರ ಮುಖವನ್ನೂ ಒಟ್ಟಿಗೆ ನಾನು ನೋಡಿದ್ದು ಅದೇ ಮೊದಲು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಣ್ಣು ಮುಚ್ಚಿತ್ತು.

"ತಿರುಗಿ ನೋಡಮ್ಮ. ಉಸಿರಿದೆಯಾ ನೋಡು."

"ನೋಡಬೇಕಾಗಿಲ್ಲ. ಬೆನ್ನಿಗೆ ಗೊತ್ತಾಗ್ತಿದೆ" ಎಂದಳು. "ಮಾತಾಡಿಸಬೇಡ, ಎಣಿಸ್ತಿದ್ದೀನಿ."

ಅವನ ಉಸಿರು ಎಣಿಸುತ್ತಿದ್ದಳು. ಹುಟ್ಟಿನ ಒಂದೊಂದು ಏಟಿಗೂ ಅವಳ ಬೆನ್ನು ಅವನನ್ನು ಒತ್ತುತ್ತಿತ್ತು. ನಡುನೀರಿಗೆ ಬಂದಾಗ ಅವಳ ಕೈ ನಿಂತಿತು. ಹುಟ್ಟಿನಿಂದ ನೀರು ತೊಟ್ಟಿಕ್ಕುವುದು ಕಾಣುತ್ತಿತ್ತು. ದೋಣಿ ಪಕ್ಕಕ್ಕೆ ತಿರುಗತೊಡಗಿತು. ಅಮ್ಮ ಕಿವಿಗೊಟ್ಟವಳ ಹಾಗೆ ಕದಲದೆ ಕೂತಿದ್ದಳು. ನಾಯಿ ಎದ್ದು ನಿಂತು ಅಮ್ಮನ ಮುಖ ನೋಡಿತು, ತನಗೇನಾದರೂ ಹೇಳುತ್ತಾಳೆಂದು.

ಅಮ್ಮ ನಾಯಿಯ ಕಡೆ ನೋಡಲಿಲ್ಲ. ನೀರಿನ ಮೇಲೆ ಕಣ್ಣಿಟ್ಟು, ದೊಡ್ಡವರಿಗೆ ಹೇಳುವ ಹಾಗೆ ಮೆತ್ತಗೆ, ಸ್ಪಷ್ಟವಾಗಿ ಹೇಳಿದಳು.

"ಅಳಿಯಂದಿರೇ, ಉಸಿರು ಬಿಡಿ."

ದೋಣಿ ಇನ್ನೂ ಸ್ವಲ್ಪ ತಿರುಗಿತು. ಆಮೇಲೆ ಅಮ್ಮನ ಹೆಗಲ ಮೇಲಿದ್ದ ಅವನ ತಲೆ ಸ್ವಲ್ಪ ಎತ್ತಿಕೊಂಡು ಮತ್ತೆ ಬಿತ್ತು. ಅಮ್ಮನ ಹುಟ್ಟು ನೀರಿಗೆ ಇಳಿಯಿತು. ದೋಣಿ ದಡ ಮುಟ್ಟಿದಾಗ ನಾನು ಅವನನ್ನು ಅವಳ ಬೆನ್ನಿನಿಂದ ತೆಗೆದುಕೊಂಡೆ. ಅವಳು ತಿರುಗಿ ನೋಡದೆ ಇಳಿದು, ಜೀಪಿನ ಆಚೆ ಹೋಗಿ ನೆಲದ ಮೇಲೆ ಕೂತಳು. ಹೆಲಿಕಾಪ್ಟರ್ ಬಂದು ಹೋಗುವವರೆಗೂ ಈ ಕಡೆ ಬರಲಿಲ್ಲ.

ಡಾರ್ವಿನ್ನಿನ ಆಸ್ಪತ್ರೆಯಲ್ಲಿ ಅವನ ಕೈ ಉಳಿಸಿದರು. ಎರಡು ಬೆರಳು ಮಡಚುವುದಿಲ್ಲ, ತೋಳಿನಲ್ಲಿ ಒಂದು ಹಿಡಿ ಮಾಂಸ ಇಲ್ಲ. ಡಾಕ್ಟರು, ಯಾರು ಕಟ್ಟಿದ್ದು ಇದನ್ನ, ಇಷ್ಟು ಬಿಗಿ ನಮಗೂ ಬರಲ್ಲ ಎಂದರಂತೆ. ಈಗಲೂ ಅವನು ಜಗಲಿಯಲ್ಲಿ ಪಾಠ ಹೇಳುತ್ತಾನೆ. ಮರದ ಕೋವಿ ತರುವುದಿಲ್ಲ, ಅಂಗಿಯ ತೋಳು ಮೇಲೇರಿಸಿ ತೋರಿಸುತ್ತಾನೆ. "ಇದೆಲ್ಲ ಗೊತ್ತಿದ್ದವನು ಮಾಡ್ಕೊಂಡಿದ್ದು. ಗೊತ್ತಿರೋದು ಬೇರೆ, ತೋಟಾ ತೆಗೆಯೋದು ಬೇರೆ" ಎನ್ನುತ್ತಾನೆ.

ಅವನು ಮನೆಗೆ ಬಂದ ಮೇಲೆ ನಮ್ಮ ಹಿರಿಯರು ಸೇರಿದರು. ಆಗಬಾರದ್ದು ಆಗಿದೆ, ಆದರೆ ಜೀವ ಉಳಿದಿದೆ. ಅಳಿಯ ಅತ್ತೆಗೆ ಮರ್ಯಾದೆಯ ಉಡುಗೊರೆ ಕೊಡಲಿ, ಅಲ್ಲಿಗೆ ಮುಖ ನೋಡಬಾರದೆಂಬ ಈ ಕಟ್ಟು ಬಿಡಿಸಿಬಿಡೋಣ, ಇನ್ನು ಮೇಲೆ ಅವರಿಬ್ಬರು ಎದುರುಬದುರು ಕೂತು ಮಾತಾಡಬಹುದು ಎಂದರು. ಹಾಗೆ ಬಿಡಿಸುವುದೂ ನಮ್ಮಲ್ಲಿ ಉಂಟು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಉಡುಗೊರೆ ಅಮ್ಮ ತೆಗೆದುಕೊಂಡಳು. ಕಟ್ಟು ಬಿಡಿಸುವುದು ಬೇಡ ಎಂದಳು.

ನಾನು ರೇಗಿದೆ. "ಬೆನ್ನ ಮೇಲೆ ಹೊತ್ತು ತಂದಿದ್ದೀಯ. ಅವನ ರಕ್ತ ನಿನ್ನ ಅಂಗಿಯಿಂದ ಇನ್ನೂ ಹೋಗಿಲ್ಲ. ಮುಖ ನೋಡಿದ್ರೆ ಏನಮ್ಮ ಆಗುತ್ತೆ?"

ಅಮ್ಮ ಆಮೆಯ ಚಿಪ್ಪು ಕೆರೆಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು, "ಅವತ್ತು ನಾನು ತಿರುಗಿ ನೋಡಿದ್ರೆ ಏನು ಕಾಣ್ತಿತ್ತು ಹೇಳು. ನನ್ನ ಮಗಳ ಗಂಡ ಸಾಯ್ತಿರೋದು ಕಾಣ್ತಿತ್ತು. ಕೈ ನಡುಗ್ತಿತ್ತು, ಕೋವಿನೂ ಬಿಡಿಸೋಕಾಗ್ತಿರಲಿಲ್ಲ, ಗಂಟೂ ಹಾಕೋಕಾಗ್ತಿರಲಿಲ್ಲ. ನೋಡಬಾರದು ಅಂತ ಇತ್ತಲ್ಲ, ಅದಕ್ಕೇ ಕೈ ನೆಟ್ಟಗಿತ್ತು. ನಮ್ಮ ಹಳಬರು ಇದನ್ನ ಯಾಕೆ ಮಾಡಿಟ್ರೋ ನಂಗೊತ್ತಿಲ್ಲ. ನನಗಂತೂ ಕೆಲಸಕ್ಕೆ ಬಂತು. ಬಿಡಲ್ಲ."

ಈ ಮಾತನ್ನು ಹೊತ್ತುಕೊಂಡು ಡೆಸ್ಮಂಡನ ಹತ್ತಿರ ಹೋದೆ. ಅವನು ಹಿತ್ತಲಿನಲ್ಲಿ ಎಡಗೈಯ ಬೆರಳು ಮಡಚುವ ಅಭ್ಯಾಸ ಮಾಡುತ್ತ ಕೂತಿದ್ದ. ಹೇಳಿದೆ. ಅವನು ಬೆರಳು ನೋಡುತ್ತಲೇ ತಲೆಯಾಡಿಸಿದ.

"ಸರಿ ಹೇಳಿದ್ದಾರೆ" ಎಂದ. "ನಂಗೆ ದೋಣಿಯಲ್ಲಿ ಎಚ್ಚರ ಇತ್ತು ಕಣೆ."

"ಎಚ್ಚರ ಇತ್ತಾ? ಕಣ್ಣು ಮುಚ್ಚಿದ್ದೆಯಲ್ಲ."

"ಮುಚ್ಕೊಂಡಿದ್ದೆ. ಅವರ ಕೆನ್ನೆ ನನ್ನ ಮೂಗಿನ ಹತ್ರನೇ ಇತ್ತು. ಕಣ್ಣು ಬಿಟ್ರೆ ನೋಡಿದ ಹಾಗಾಗುತ್ತೆ ಅಂತ ಮುಚ್ಕೊಂಡೇ ಇದ್ದೆ. ಆಮೇಲೆ ಎಲ್ಲಾ ತಣ್ಣಗಾಯ್ತು. ನೋವೂ ಹೋಯ್ತು. ಸಾಕು ಅನ್ನಿಸ್ತು, ಉಸಿರು ತಗೋಳೋದೇ ಒಂದು ಗೊಡವೆ ಅನ್ನಿಸ್ತು. ಬಿಟ್ಟುಬಿಟ್ಟೆ."

ನಾನು ಅವನ ಪಕ್ಕ ಕೂತೆ. ಅವನು ಮಡಚದ ಎರಡು ಬೆರಳನ್ನು ಬಲಗೈಯಿಂದ ಮೆಲ್ಲನೆ ಮಡಚಿದ.

"ಮತ್ತೆ?"

"ಮತ್ತೇನು. ಇಷ್ಟು ವರ್ಷದಲ್ಲಿ ಅತ್ತೆ ಮೊದಲನೇ ಸಲ ನನ್ನ ಹತ್ರ ಮಾತಾಡಿದ್ರು, ಉಸಿರು ಬಿಡಿ ಅಂದ್ರು" ಎಂದ. "ಇಲ್ಲ ಅನ್ನೋಕಾಗುತ್ತಾ?"